ಗುಟ್ಟು ಕಂಪನಿಯದು, ಗೋಳು ನನ್ನದು

ಚುನಾವಣೆಯ ದಿನ ಮತಗಟ್ಟೆಯಿಂದ ಹೊರಬಂದ ಪ್ರತಿಯೊಬ್ಬರ ಎಡಗೈ ಬೆರಳಿನ ಮೇಲೂ ಮೈಸೂರಿನ ಒಂದು ಗುಟ್ಟು ಇರುತ್ತದೆ. ಬನ್ನಿಮಂಟಪದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸಲಾಗದ ಶಾಯಿ ಅದು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಶುರುವಾದ ಈ ಸಂಸ್ಥೆ 1962ರ ಮಹಾಚುನಾವಣೆಯಿಂದ ಈಚೆಗೆ ದೇಶಕ್ಕೆಲ್ಲ ಶಾಯಿ ಕಳಿಸುತ್ತಿದೆ. ಸೂತ್ರವನ್ನು ರೂಪಿಸಿಕೊಟ್ಟದ್ದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇದೆ ಎಂಬುದು ಎಲ್ಲರಿಗೂ ಗೊತ್ತು, ಉಳಿದದ್ದು ಕೆಲವೇ ಮಂದಿಗೆ ಗೊತ್ತು. ಆ ಕೆಲವರು ಅದನ್ನು ಹೊರಗೆ ಹೇಳದೆ ಇರುವುದರಿಂದ ನಮ್ಮ ಮತ ಕಾಪಾಡಲ್ಪಡುತ್ತದೆ. ಅಂಥ ಗುಟ್ಟಿಗೆ ಸಹಿ ಹಾಕಿಸಿಕೊಂಡರೆ ಯಾರೂ ತಕರಾರು ಮಾಡುವುದಿಲ್ಲ, ಮಾಡಬಾರದು ಕೂಡ.

ಅದೇ ಊರಿನ ಇನ್ನೊಂದು ದಿಕ್ಕಿನಲ್ಲಿ, ಹೆಬ್ಬಾಳದ ಇನ್ಫೊಸಿಸ್ ಆವರಣದಲ್ಲಿ, 2025ರ ಫೆಬ್ರವರಿಯ ಮೊದಲ ವಾರ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2022ರಲ್ಲಿ ಎಂಜಿನಿಯರಿಂಗ್ ಮುಗಿಸಿ, ಆಫರ್ ಲೆಟರ್ ಕೈಯಲ್ಲಿ ಹಿಡಿದುಕೊಂಡು ಎರಡು ವರ್ಷಕ್ಕೂ ಮೇಲೆ ಕಾದು, 2024ರ ಅಕ್ಟೋಬರ್ ಹೊತ್ತಿಗೆ ಕೆಲಸಕ್ಕೆ ಸೇರಿದ್ದ ಟ್ರೈನಿಗಳು ಅವರು. ಒಳಗಿನ ಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂದು ನೂರಾರು ಮಂದಿಯನ್ನು ಒಂದೇ ಸಲಕ್ಕೆ ಹೊರಗೆ ಕಳಿಸಲಾಯಿತು. ಕಂಪನಿ ಹೇಳಿದ ಸಂಖ್ಯೆ 350ಕ್ಕಿಂತ ಕಡಿಮೆ, ನೈಟ್ಸ್ ಎಂಬ ಐಟಿ ನೌಕರರ ಸಂಘಟನೆ ಹೇಳಿದ್ದು 700. ಎಲ್ಲರಿಗೂ ಮೂರು ಅವಕಾಶ ಕೊಡಲಾಗಿತ್ತು, ಈ ಪದ್ಧತಿ ಎರಡು ದಶಕದಿಂದ ಇದೆ, ಒಪ್ಪಂದದಲ್ಲೂ ಬರೆದಿದೆ ಎಂಬುದು ಕಂಪನಿಯ ಮಾತು. ಟ್ರೈನಿಗಳನ್ನು ಕೋಣೆಗಳಿಗೆ ಕರೆಸಿ ‘ಪರಸ್ಪರ ಒಪ್ಪಿಗೆಯ ಬಿಡುಗಡೆ’ ಪತ್ರಕ್ಕೆ ಬಲವಂತವಾಗಿ ಸಹಿ ಹಾಕಿಸಿಕೊಳ್ಳಲಾಯಿತು, ಮೊಬೈಲ್ ಒಳಗೆ ತರದಂತೆ ನೋಡಿಕೊಳ್ಳಲು ಬೌನ್ಸರ್‌ಗಳನ್ನೂ ಭದ್ರತಾ ಸಿಬ್ಬಂದಿಯನ್ನೂ ನಿಲ್ಲಿಸಲಾಗಿತ್ತು ಎಂಬುದು ನೈಟ್ಸ್ ಆರೋಪ. ಬಲವಂತದ ಆರೋಪವನ್ನು ಕಂಪನಿ ಅಲ್ಲಗಳೆಯಿತು. ಕೇಂದ್ರ ಕಾರ್ಮಿಕ ಸಚಿವಾಲಯ ರಾಜ್ಯಕ್ಕೆ ಪತ್ರ ಬರೆಯಿತು, ರಾಜ್ಯದ ಅಧಿಕಾರಿಗಳು ಬಂದು ವಿಚಾರಿಸಿ ಹೋದರು. ಇವರು ತರಬೇತಿಯಲ್ಲಿದ್ದವರು, ಆದ್ದರಿಂದ ಕಾರ್ಮಿಕ ಕಾನೂನಿನ ಉಲ್ಲಂಘನೆ ಕಾಣುವುದಿಲ್ಲ ಎಂಬ ಅಭಿಪ್ರಾಯ ಇಲಾಖೆಯದೆಂದು ವರದಿಯಾಯಿತು. ಮುಂದಿನ ತಿಂಗಳುಗಳಲ್ಲಿ ಇನ್ನೂ ಕೆಲವು ನೂರು ಮಂದಿ ಹೊರಬಿದ್ದರು. ಅವರಿಗೆ ಒಂದು ತಿಂಗಳ ಹೆಚ್ಚುವರಿ ಸಂಬಳ, ರಿಲೀವಿಂಗ್ ಲೆಟರ್, ಬೇರೆ ಕೆಲಸಕ್ಕೆ ಬೇಕಾದ ಉಚಿತ ತರಬೇತಿ ಕೊಡುವುದಾಗಿ ಕಂಪನಿ ಹೇಳಿತು.

ಪರೀಕ್ಷೆ ಕಠಿಣವಾಗಿತ್ತೋ ನ್ಯಾಯವಾಗಿತ್ತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಫೇಲಾದವರನ್ನು ಇಟ್ಟುಕೊಳ್ಳಬೇಕೆಂದು ಯಾವ ಕಂಪನಿಗೂ ಹೇಳಲಾಗದು. ನನ್ನನ್ನು ಕಾಡಿದ್ದು ಬೇರೆ. ಆ ವಾರಗಳ ವರದಿಗಳಲ್ಲಿ ಮಾತಾಡಿದ ಹುಡುಗ ಹುಡುಗಿಯರ ಹೆಸರು ಇರಲಿಲ್ಲ. ‘ಹೆಸರು ಹೇಳಲಿಚ್ಛಿಸದ ಟ್ರೈನಿ’ ಎಂದಷ್ಟೇ ಇತ್ತು. ಅವರು ಕಂಪನಿಯ ಸಾಫ್ಟ್‌ವೇರ್ ಕೋಡ್ ಕದ್ದು ಹೇಳುತ್ತಿರಲಿಲ್ಲ, ಗ್ರಾಹಕರ ಲೆಕ್ಕಪತ್ರ ಬಯಲು ಮಾಡುತ್ತಿರಲಿಲ್ಲ. ‘ನನ್ನ ಕೆಲಸ ಹೋಯಿತು, ಹೀಗೆ ಹೋಯಿತು’ ಎಂದು ಹೇಳುತ್ತಿದ್ದರು. ತನ್ನ ಬದುಕಿನಲ್ಲಿ ತನಗೇ ಆದದ್ದನ್ನು ಹೇಳಲು ಎಳೆ ವಯಸ್ಸಿನವರು ಮುಖ ಮುಚ್ಚಿಕೊಳ್ಳಬೇಕಾಯಿತು. ಶಾಯಿಯ ಸೂತ್ರ ಕಾರ್ಖಾನೆಯ ಆಸ್ತಿ, ಒಪ್ಪುತ್ತೇನೆ. ನನ್ನನ್ನು ಹೇಗೆ ನಡೆಸಿಕೊಂಡರು ಎಂಬುದು ಯಾರ ಆಸ್ತಿ? ಅದನ್ನು ಕಂಪನಿಯ ಬೀರುವಿನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾರಿಗೂ ಇಲ್ಲ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು.

ಆ ಬೀಗವೇ ಗೌಪ್ಯತಾ ಒಪ್ಪಂದ, ಅಂದರೆ ಎನ್‌ಡಿಎ. ಅದನ್ನು ಓದುಗರು ಒಂದೇ ಕಾಗದ ಎಂದುಕೊಳ್ಳಬಾರದು. ಮೊದಲನೆಯದು ಸೇರುವ ದಿನ, ಆಫರ್ ಲೆಟರ್ ಜೊತೆಗೇ ಬರುತ್ತದೆ. ಬಾಂಡ್, ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ಫಾರಂ, ಅಂಕಪಟ್ಟಿ, ಅದರ ಮಧ್ಯೆ ಎಂಟು ಹತ್ತು ಪುಟದ ಎನ್‌ಡಿಎ. ‘ಗೌಪ್ಯ ಮಾಹಿತಿ’ ಎಂದರೆ ಏನೆಂದು ಹೇಳುವ ಪ್ಯಾರಾದಲ್ಲಿ ವಿನ್ಯಾಸ, ಕೋಡ್, ಗ್ರಾಹಕರ ಪಟ್ಟಿಗಳಿಂದ ಶುರುವಾಗಿ ಸಂಬಳ, ಒಳಗಿನ ಇಮೇಲ್, ‘ಕಂಪನಿಯ ವ್ಯವಹಾರಕ್ಕೆ ಸಂಬಂಧಿಸಿದ ಯಾವುದೇ ವಿಷಯ’ದವರೆಗೂ ಹರಡಿರುವುದುಂಟು. ಈ ಕೊನೆಯ ಮಾತಿನಲ್ಲಿ ಏನು ಬೇಕಾದರೂ ಅಡಗುತ್ತದೆ. ರಾತ್ರಿ ಎರಡರವರೆಗೆ ಕೂರಿಸಿದ್ದು, ಮೇಲಿನವರು ಬೈದದ್ದು, ರಜೆ ಕೊಡದೆ ಸತಾಯಿಸಿದ್ದು, ಕೈಕೆಳಗಿನವರ ಮೈಮುಟ್ಟಿದ್ದು, ಎಲ್ಲವೂ ‘ವ್ಯವಹಾರಕ್ಕೆ ಸಂಬಂಧಿಸಿದ ವಿಷಯ’ ಆಗಿಬಿಡಬಹುದು. ಎರಡನೆಯ ಕಾಗದ ಹೋಗುವ ದಿನದ್ದು. ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಕೈಗೆ ಬರಬೇಕಾದರೆ ‘ಕಂಪನಿಯ ಮೇಲೆ ನನಗೆ ಯಾವ ದೂರೂ ಇಲ್ಲ, ಮುಂದೆ ಕಂಪನಿಯ ಬಗ್ಗೆ ಕೆಟ್ಟದಾಗಿ ಮಾತಾಡುವುದಿಲ್ಲ’ ಎಂದು ಬರೆದುಕೊಡಬೇಕಾಗುತ್ತದೆ. ಮೂರನೆಯದು ಅಪರೂಪದ್ದು, ಆದರೆ ಅತಿ ಭಾರವಾದದ್ದು. ಏನೋ ದೊಡ್ಡ ಅನ್ಯಾಯವಾಗಿ, ದೂರಾಗಿ, ರಾಜಿಯಾದಾಗ ಹಣದ ಜೊತೆಗೆ ಬರುವ ಬಾಯಿಮುಚ್ಚುವ ಷರತ್ತು ಅದು.

ಹೆದರಿಸುವುದಕ್ಕೆ ಈ ಕಾಗದಗಳು ಕೋರ್ಟಿಗೆ ಹೋಗಬೇಕಾಗಿಲ್ಲ ಎಂಬುದನ್ನು ಗಮನಿಸಿ. ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಪೇಯಿಂಗ್ ಗೆಸ್ಟ್ ಆಗಿರುವ, ಶಿಕ್ಷಣ ಸಾಲದ ಕಂತು ಕಟ್ಟುವ ಹುಡುಗಿಗೆ ವಕೀಲರ ನೋಟಿಸಿನ ಮಾತೇ ಸಾಕು. ಅದಕ್ಕಿಂತ ಹೆಚ್ಚಾಗಿ ರಿಲೀವಿಂಗ್ ಲೆಟರ್ ಇದೆ. ಅದಿಲ್ಲದೆ ಮುಂದಿನ ಕಂಪನಿ ಸೇರಿಸಿಕೊಳ್ಳುವುದಿಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಎಂದು ಯಾರೋ ಹಳೆಯ ಕಂಪನಿಗೆ ಫೋನ್ ಮಾಡುತ್ತಾರೆ, ಆ ತುದಿಯಲ್ಲಿ ಕೂತ ಎಚ್‌ಆರ್ ಏನು ಹೇಳುತ್ತಾರೆಂಬುದರ ಮೇಲೆ ಒಂದು ಮನೆಯ ಅನ್ನ ನಿಂತಿರುತ್ತದೆ. ಹೀಗಿರುವಾಗ ‘ಅವರು ತಿಳಿದೇ ಸಹಿ ಹಾಕಿದ್ದಾರಲ್ಲ’ ಎಂಬ ವಾದಕ್ಕೆ ನನಗೆ ಗೌರವವಿಲ್ಲ. ಸಂಜೆಯೊಳಗೆ ಹಾಸ್ಟೆಲ್ ಖಾಲಿ ಮಾಡಬೇಕಾದವರು ಮೇಜಿನ ಮೇಲಿರುವ ಪೆನ್ನನ್ನು ಎತ್ತಿಕೊಂಡರೆ ಅದನ್ನು ಒಪ್ಪಿಗೆ ಎಂದು ಕರೆಯುವುದು ಕಾನೂನಿನ ಭಾಷೆಯಲ್ಲಿ ಸಲ್ಲಬಹುದು, ಮನುಷ್ಯರ ಭಾಷೆಯಲ್ಲಿ ಸಲ್ಲದು.

ಕಾನೂನಿನ ಭಾಷೆಯಲ್ಲೂ ಅದು ಅಷ್ಟು ಸುಲಭವಾಗಿ ಸಲ್ಲುವುದಿಲ್ಲ. ನಮ್ಮ ಕರಾರು ಕಾಯ್ದೆ 1872ರದ್ದು, ಬ್ರಿಟಿಷರು ಮಾಡಿದ್ದು. ಅದರ 23ನೇ ಕಲಂ ಪ್ರಕಾರ ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಕರಾರು ಅಸಿಂಧು. 27ನೇ ಕಲಂ ಪ್ರಕಾರ ಒಬ್ಬರು ಕಾನೂನುಬದ್ಧ ಉದ್ಯೋಗ ಮಾಡದಂತೆ ತಡೆಯುವ ಕರಾರು ಅಸಿಂಧು. 28ನೇ ಕಲಂ ಪ್ರಕಾರ ತನ್ನ ಹಕ್ಕಿಗಾಗಿ ಕೋರ್ಟಿಗೆ ಹೋಗದಂತೆ ಸಂಪೂರ್ಣ ತಡೆಯುವ ಕರಾರೂ ಅಸಿಂಧು. 1986ರಲ್ಲಿ ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಮಾತಾಡಿತು. ಬಲದಲ್ಲಿ ಅಜಗಜಾಂತರವಿರುವ ಇಬ್ಬರ ನಡುವೆ, ದುರ್ಬಲನು ‘ಹೂಂ’ ಎನ್ನದೆ ಗತ್ಯಂತರವಿಲ್ಲದಾಗ ಬರೆಸಿಕೊಂಡ ಅನ್ಯಾಯದ ಷರತ್ತನ್ನು ನ್ಯಾಯಾಲಯ ಎತ್ತಿಹಿಡಿಯುವುದಿಲ್ಲ ಎಂದಿತು.

ಹಾಗೆಂದು ನೌಕರರೆಲ್ಲ ನಿಶ್ಚಿಂತೆಯಿಂದ ಇರಬಹುದು ಎಂದು ಹೇಳಿದರೆ ಓದುಗರನ್ನು ದಾರಿ ತಪ್ಪಿಸಿದಂತೆ. 2025ರ ಮೇ 14ರಂದು ಅದೇ ಸುಪ್ರೀಂ ಕೋರ್ಟ್ ನಮ್ಮ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಬಾಂಡ್ ಪರವಾಗಿ ತೀರ್ಪು ಕೊಟ್ಟಿತು. ಮೂರು ವರ್ಷ ಪೂರೈಸದೆ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತು ಅದು. ಕರ್ನಾಟಕ ಹೈಕೋರ್ಟ್ ಅದನ್ನು ತಳ್ಳಿಹಾಕಿತ್ತು, ಸುಪ್ರೀಂ ಕೋರ್ಟ್ ಸರಿ ಎಂದಿತು. ಸಾರ್ವಜನಿಕ ಬ್ಯಾಂಕು ಮತ್ತೆ ಜಾಹೀರಾತು ಕೊಟ್ಟು, ಪರೀಕ್ಷೆ ನಡೆಸಿ ಇನ್ನೊಬ್ಬರನ್ನು ತುಂಬಿಕೊಳ್ಳಲು ತಗಲುವ ಖರ್ಚನ್ನು ಅದು ಮುಖ್ಯವಾಗಿ ಪರಿಗಣಿಸಿತು. ಹಣದ ಬಾಂಡ್ ಒಂದು ಮಾತು, ಮೌನದ ಬಾಂಡ್ ಇನ್ನೊಂದು ಮಾತು ಎಂದು ನಾನು ವಾದಿಸಬಲ್ಲೆ. ಆದರೆ ಆ ವ್ಯತ್ಯಾಸವನ್ನು ಸ್ಪಷ್ಟವಾಗಿ ಬರೆದಿಟ್ಟ ಕಾಯ್ದೆ ಕೆಲಸಗಾರರಿಗಾಗಿ ನಮ್ಮಲ್ಲಿಲ್ಲ.

ಷೇರುದಾರರಿಗಾಗಿ ಇದೆ! ಇದನ್ನು ಬಹಳ ಜನ ಗಮನಿಸಿಲ್ಲ. ಷೇರುಪೇಟೆಯಲ್ಲಿ ಒಳಗಿನ ಮಾಹಿತಿ ಬಳಸಿ ಲಾಭ ಮಾಡಿಕೊಳ್ಳುವವರನ್ನು ಹಿಡಿಯಲು ಸೆಬಿ 2019ರಲ್ಲಿ ಮಾಹಿತಿದಾರರಿಗೆ ಒಂದು ವ್ಯವಸ್ಥೆ ಮಾಡಿತು. ಮಾಹಿತಿ ಕೊಟ್ಟವರಿಗೆ ಬಹುಮಾನ ಮೊದಲು 1 ಕೋಟಿ, 2021ರಿಂದ 10 ಕೋಟಿ ರೂಪಾಯಿವರೆಗೆ. ಆ ನಿಯಮದಲ್ಲಿ ಒಂದು ಸಾಲಿದೆ: ಇಂಥ ಉಲ್ಲಂಘನೆಯನ್ನು ಸೆಬಿಗೆ ತಿಳಿಸದಂತೆ ಯಾರನ್ನಾದರೂ ತಡೆಯುವ ಒಪ್ಪಂದ, ಅದು ಲಿಖಿತವಿರಲಿ ಬಾಯಿಮಾತಿನದಿರಲಿ, ಕಂಪನಿಯ ನೀತಿಸಂಹಿತೆಯೇ ಆಗಿರಲಿ, ಅಷ್ಟರಮಟ್ಟಿಗೆ ಅಸಿಂಧು. ಅಂದರೆ ನನ್ನ ದೇಶದ ಕಾನೂನು ಈಗಾಗಲೇ ಒಪ್ಪಿಕೊಂಡಿದೆ, ಎನ್‌ಡಿಎಗೂ ಮೇಲೊಂದು ನ್ಯಾಯವಿದೆ ಎಂದು. ಆದರೆ ಅದನ್ನು ಒಪ್ಪಿಕೊಂಡದ್ದು ಹೂಡಿಕೆದಾರನ ಹಣಕ್ಕಾಗಿ. ಒಂದೇ ಕಟ್ಟಡದಲ್ಲಿ ಕೂತ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರು ಮೇಲಿನವರ ಷೇರು ವಂಚನೆಯನ್ನು ಕಂಡಿದ್ದಾರೆ, ಮಾತಾಡಿದರೆ ರಕ್ಷಣೆಯೂ ಇದೆ, ಬಹುಮಾನವೂ ಇದೆ. ಇನ್ನೊಬ್ಬರು ಅದೇ ಮೇಲಿನವರ ಕೈಯಲ್ಲಿ ಅವಮಾನಪಟ್ಟಿದ್ದಾರೆ, ಮಾತಾಡಿದರೆ ನೋಟಿಸು ಬರುತ್ತದೆ. ಹಣಕ್ಕಿರುವ ಬಾಯಿ ಮೈಗೆ ಇರಬಾರದೇ?

ಇದಕ್ಕೆ ಮೊದಲು ಎದುರಾಗುವ ಆಕ್ಷೇಪಣೆ ಕಾನೂನಿನದಲ್ಲ, ಸಂಸ್ಕಾರದ್ದು. ಮೈಸೂರಿನಂಥ ಮರ್ಯಾದಸ್ಥರ ಊರಿನಲ್ಲಿ ಅದು ಇನ್ನೂ ಗಟ್ಟಿ. ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ ಹಿರಿಯರು. ಅನ್ನ ಕೊಟ್ಟ ಕಂಪನಿಯ ಬಗ್ಗೆ ಬೀದಿಯಲ್ಲಿ ಮಾತಾಡುವುದು ಕೃತಘ್ನತೆ ಎಂದು ಎಷ್ಟೋ ಅಪ್ಪ ಅಮ್ಮಂದಿರೇ ಮಕ್ಕಳ ಬಾಯಿ ಮುಚ್ಚಿಸುತ್ತಾರೆ. ‘ಸುಮ್ಮನೆ ಬಂದುಬಿಡು ಮಗೂ, ಬೇರೆ ಕೆಲಸ ಸಿಗುತ್ತೆ’ ಎನ್ನುವ ತಾಯಿಯ ಕರುಳು ನನಗೆ ಅರ್ಥವಾಗುತ್ತದೆ. ಆದರೆ ಸಂಬಳ ನೆಂಟರ ಮನೆಯ ಊಟವಲ್ಲ. ಎಂಟು ಗಂಟೆಯ ಕೆಲಸಕ್ಕೆ, ಎಷ್ಟೋ ಸಲ ಹನ್ನೆರಡು ಗಂಟೆಯ ಕೆಲಸಕ್ಕೆ ಕೊಟ್ಟ ಬೆಲೆ. ಋಣ ಅಲ್ಲಿಗೇ ತೀರುತ್ತದೆ.

ನಿಷ್ಠೆಯ ಮಾತನ್ನು ಮೇಲಿನವರು ತಮಗೆ ಹೇಗೆ ಅನ್ವಯಿಸಿಕೊಳ್ಳುತ್ತಾರೆ ಎಂಬುದಕ್ಕೂ ಇದೇ ಕಂಪನಿಯ ಚರಿತ್ರೆಯಲ್ಲಿ ಉದಾಹರಣೆ ಇದೆ. 2015ರಲ್ಲಿ ಇನ್ಫೊಸಿಸ್ ಬಿಟ್ಟ ಮುಖ್ಯ ಹಣಕಾಸು ಅಧಿಕಾರಿಗೆ 17.38 ಕೋಟಿ ರೂಪಾಯಿ ಕೊಡುವುದಾಗಿ ಆಡಳಿತ ಮಂಡಳಿ ಒಪ್ಪಿಕೊಂಡಿತ್ತು. ಸುಮಾರು 5 ಕೋಟಿ ಕೊಟ್ಟ ಮೇಲೆ ಉಳಿದದ್ದನ್ನು ನಿಲ್ಲಿಸಿತು. ಇಂಥ ಪಾವತಿ ಏನನ್ನೋ ಮುಚ್ಚಿಡಲು ಕೊಡುವ ಬಾಯಿಮುಚ್ಚಿಸುವ ಹಣವಿರಬಹುದೇ ಎಂಬ ಸಂಶಯ ಹುಟ್ಟಿಸುತ್ತದೆ ಎಂದು ಬಹಿರಂಗವಾಗಿ ಹೇಳಿದವರು ಬೇರೆ ಯಾರೂ ಅಲ್ಲ, ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿ ಆ ಕಂಪನಿಯನ್ನು ಕಟ್ಟಿದ ಎನ್.ಆರ್. ನಾರಾಯಣಮೂರ್ತಿ. ಕಂಪನಿ ಆ ಸಂಶಯವನ್ನು ತಳ್ಳಿಹಾಕಿತು. ಬಾಕಿ 12.17 ಕೋಟಿಯನ್ನು ಬಡ್ಡಿ ಸಮೇತ ಕೊಡಬೇಕೆಂದು 2018ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು. ಮೂರ್ತಿಯವರ ಸಂಶಯ ಸರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. ಅವರು ಪ್ರಶ್ನೆಯನ್ನು ಒಳಗೇ ನುಂಗಿಕೊಳ್ಳಲಿಲ್ಲ, ಊರೆದುರು ಇಟ್ಟರು, ಇಟ್ಟದ್ದು ಸರಿಯಾಗಿತ್ತು. ಸ್ಥಾಪಕರಿಗೆ ಸಲ್ಲುವ ಸ್ವಾತಂತ್ರ್ಯ ಟ್ರೈನಿಗೂ ಸಲ್ಲಬೇಕು.

ಮೌನವೆಲ್ಲ ಕೆಟ್ಟದ್ದು ಎಂದು ನಾನು ತಿಳಿದಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ದೂರಿನ ವಿವರವನ್ನು, ದೂರುದಾರಳ, ಆರೋಪಿಯ, ಸಾಕ್ಷಿಗಳ ಹೆಸರನ್ನು ಬಹಿರಂಗಪಡಿಸಬಾರದು ಎನ್ನುತ್ತದೆ. ಗುರುತು ಸಿಗದಂತೆ ನ್ಯಾಯ ಸಿಕ್ಕಿದ್ದನ್ನು ತಿಳಿಸಬಹುದು ಎಂದೂ ಹೇಳುತ್ತದೆ. ನೊಂದ ಹೆಣ್ಣಿಗೆ ತನ್ನ ಹೆಸರು ಕ್ಯಾಂಟೀನಿನ ಹರಟೆಗೆ ಸಿಕ್ಕಬಾರದು ಎಂಬ ಆಸೆ ಇದ್ದರೆ ಅದನ್ನು ಕಾಪಾಡಲೇಬೇಕು. ಸತ್ಯೇಂದ್ರ ದುಬೆ ಎಂಬ ಯುವ ಎಂಜಿನಿಯರ್ ಕೇಳಿದ್ದೂ ಇಂಥದೇ ಗೌಪ್ಯತೆ. ಬಿಹಾರದಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಾರ್ಯಾಲಯಕ್ಕೆ ಬರೆದ ಅವರು ತಮ್ಮ ಹೆಸರನ್ನು ಗುಟ್ಟಾಗಿಡಬೇಕೆಂದು ಬೇಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ತನಿಖೆ ಅದನ್ನು ದರೋಡೆಕೋರರ ಕೃತ್ಯವೆಂದಿತು. ಆದರೂ ಕಾಪಾಡಬೇಕಾಗಿದ್ದ ಹೆಸರನ್ನು ಸರ್ಕಾರ ಕಾಪಾಡಲಿಲ್ಲ ಎಂಬ ಸತ್ಯ ಹಾಗೇ ಉಳಿಯುತ್ತದೆ. ಆ ಸಾವಿನ ನಂತರ ಎದ್ದ ಕೂಗಿನಿಂದ ಮಾಹಿತಿದಾರರ ರಕ್ಷಣಾ ಕಾಯ್ದೆ 2014ರಲ್ಲಿ ಪಾಸಾಯಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು, ಜಾರಿಗೆ ಮಾತ್ರ ಬರಲಿಲ್ಲ. ಬಂದಿದ್ದರೂ ಅದು ಸರ್ಕಾರಿ ವಲಯಕ್ಕಷ್ಟೇ ಅನ್ವಯವಾಗುತ್ತಿತ್ತು. ನಮ್ಮ ದೇಶದಲ್ಲಿ ಗೌಪ್ಯತೆ ಹೆಚ್ಚಾಗಿ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ ಎಂಬುದು ಇದರಲ್ಲೇ ಕಾಣುತ್ತದೆ. ನೊಂದವರು ಕೇಳಿದಾಗ ಸಿಗಬೇಕಾದದ್ದು ಅವರಿಗೆ ಸಿಗದೆ, ನೋಯಿಸಿದವರ ಕೈಗೆ ಸೇರಿದೆ.

ಮೈಸೂರಿನಿಂದ ಬೆಂಗಳೂರು ಹೆದ್ದಾರಿಯಲ್ಲಿ ಅರ್ಧ ಗಂಟೆ ಹೋದರೆ ಶ್ರೀರಂಗಪಟ್ಟಣ. ಅಲ್ಲಿ ಗೋಕಲದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ, ಎಚ್ ಅಂಡ್ ಎಂ ಬ್ರಾಂಡಿಗೆ ಬಟ್ಟೆ ಹೊಲಿಯುತ್ತಿದ್ದ ಗಾರ್ಮೆಂಟ್ಸ್ ಘಟಕವನ್ನು 2020ರ ಜೂನ್‌ನಲ್ಲಿ ನಿಲ್ಲಿಸಲಾಯಿತು. ಸುಮಾರು 1,200 ಮಂದಿ, ಬಹುಪಾಲು ಹೆಂಗಸರು. ಆರ್ಡರ್ ಇಲ್ಲ ಎಂದಿತು ಆಡಳಿತ, ಸಂಘ ಕಟ್ಟಿಕೊಂಡದ್ದಕ್ಕೇ ಈ ಶಿಕ್ಷೆ ಎಂದಿತು ಕಾರ್ಮಿಕರ ಸಂಘ. ಕೊರೊನಾ ಭಯದ ದಿನಗಳಲ್ಲೂ ಆ ಹೆಂಗಸರು ವಾರಗಟ್ಟಲೆ ಕಾರ್ಖಾನೆಯಲ್ಲಿ ಕೂತರು, ತಮ್ಮ ಹೆಸರು ಹೇಳಿ ಮಾತಾಡಿದರು, ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡಿನವರೆಗೂ ಮಾತು ಮುಟ್ಟಿಸಿದರು. ಅವರ ಸಂಬಳ ಟ್ರೈನಿಗಳ ಸಂಬಳದ ಅರ್ಧಕ್ಕೂ ಕಡಿಮೆ ಇದ್ದೀತು. ಇಂಗ್ಲಿಷಿನ ಎನ್‌ಡಿಎ ಓದುವಷ್ಟು ಶಾಲೆ ಅನೇಕರು ಕಲಿತಿರಲಿಲ್ಲ. ಆದರೂ ಅವರಿಗಿದ್ದ ಬಾಯಿ ಹೆಬ್ಬಾಳದ ಎಂಜಿನಿಯರುಗಳಿಗೆ ಇರಲಿಲ್ಲ. ಆ ಹೆಂಗಸರು ಒಟ್ಟಿಗಿದ್ದರು, ಅವರ ಹಿಂದೆ ಸಂಘವಿತ್ತು. ಟ್ರೈನಿಗಳು ಕೋಣೆಗೆ ಹೋದದ್ದು ಗುಂಪಾಗಿ ಇರಬಹುದು, ಕಾಗದದ ಎದುರು ಕೂತದ್ದು ಒಬ್ಬೊಬ್ಬರೇ.

ಹಿಂದಿನ ಮೈಸೂರಿನಲ್ಲಿ ಇದು ಹೀಗಿರಲಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ತನಕವೂ ಒಳಗೆ ಏನಾಯಿತೆಂಬುದು ಸಂಜೆಯ ಹೊತ್ತಿಗೆ ಟೀ ಅಂಗಡಿಗೆ ಬರುತ್ತಿತ್ತು. ಗೇಟ್ ಮೀಟಿಂಗ್ ಎಂಬ ಮಾತು ಆ ಕಾಲದ ಕಾರ್ಮಿಕರ ಬಾಯಲ್ಲಿ ಈಗಲೂ ಇದೆ. ಕೆಲಸದ ಸ್ಥಿತಿಗತಿ ಎಂಬುದು ಊರಿನ ವಿಷಯವಾಗಿತ್ತು. ಇನ್ನೂ ಹಿಂದಕ್ಕೆ ಹೋದರೆ, 1881ರಲ್ಲಿ ದಿವಾನ್ ರಂಗಾಚಾರ್ಲು ಇದೇ ಊರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಶುರುಮಾಡಿದರು. ದಸರೆಗೆ ಬಂದ ಪ್ರತಿನಿಧಿಗಳು ತಮ್ಮ ತಮ್ಮ ಸೀಮೆಯ ಅಹವಾಲುಗಳನ್ನು ಸರ್ಕಾರದ ಮುಂದೆ ಹೇಳಿಕೊಳ್ಳುತ್ತಿದ್ದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಹೇಳಿಕೊಳ್ಳುವ ಅವಕಾಶ ಇತ್ತು. ಅಷ್ಟಾದರೂ ಇದ್ದರೆ ಆಳುವವರ ನಡತೆ ಬದಲಾಗುತ್ತದೆ ಎಂದು ಅರಸೊತ್ತಿಗೆಯೇ ನಂಬಿತ್ತು.

ಹೇಳಿಕೊಳ್ಳುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಪುಣೆಯ ಉದಾಹರಣೆ ಕೊಡುತ್ತೇನೆ. 2024ರ ಜುಲೈನಲ್ಲಿ ಇವೈ ಸಮೂಹಕ್ಕೆ ಸೇರಿದ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳಾಗಿದ್ದ, 26 ವರ್ಷದ ಚಾರ್ಟರ್ಡ್ ಅಕೌಂಟೆಂಟ್ ಹುಡುಗಿಯೊಬ್ಬಳು ತೀರಿಕೊಂಡಳು. ಮಿತಿಮೀರಿದ ಕೆಲಸದ ಒತ್ತಡವೇ ಕಾರಣವೆಂದು ಅವಳ ತಾಯಿ ಕಂಪನಿಯ ಮುಖ್ಯಸ್ಥರಿಗೆ ಬರೆದ ಪತ್ರ ಸೆಪ್ಟೆಂಬರ್‌ನಲ್ಲಿ ದೇಶವನ್ನೇ ಅಲುಗಿಸಿತು. ಸಂಸ್ಥೆ ಆ ಕಾರಣವನ್ನು ಒಪ್ಪಲಿಲ್ಲ. ಆದರೆ ಕಾರ್ಮಿಕ ಇಲಾಖೆ ತಪಾಸಣೆಗೆ ಹೋದಾಗ, ಆ ಪುಣೆ ಕಚೇರಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯನ್ನೇ ಪಡೆಯದೆ 2007ರಿಂದ ನಡೆಯುತ್ತಿತ್ತು ಎಂಬುದು ಹೊರಬಿತ್ತು. ಹದಿನೇಳು ವರ್ಷ ಅಲ್ಲಿ ಎಷ್ಟೋ ಮಂದಿ ದುಡಿದು ಹೋಗಿದ್ದಾರೆ. ಅಷ್ಟು ಮಂದಿ ಆಡದ ಮಾತನ್ನು ಆಡಿದ್ದು, ಯಾವ ಕಾಗದಕ್ಕೂ ಸಹಿ ಹಾಕಿರದ ಒಬ್ಬ ತಾಯಿ. ಮಗಳು ಬದುಕಿದ್ದಾಗ ಮಾತಾಡಬಹುದಾಗಿದ್ದರೆ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ಮಾತಿಗೆ ದಾರಿಯೇ ಇಲ್ಲದಾಗ ಏನಾಗುತ್ತದೆ ಎಂಬುದನ್ನೂ ಕೋಲಾರದ ನರಸಾಪುರದಲ್ಲಿ ನೋಡಿದ್ದೇವೆ. 2020ರ ಡಿಸೆಂಬರ್ 12ರ ಬೆಳಿಗ್ಗೆ, ಆಪಲ್ ಫೋನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಸಂಬಳದ ತಕರಾರು ದಾಂಧಲೆಯಾಗಿ ಸಿಡಿಯಿತು. ಗಾಜು ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಕೆಲವೇ ದಿನದಲ್ಲಿ ಕಂಪನಿ ಸಂಬಳದ ವಿಷಯದಲ್ಲಿ ತಪ್ಪಾಗಿದೆ ಎಂದು ಕ್ಷಮೆ ಕೇಳಿತು, ಉಪಾಧ್ಯಕ್ಷರೊಬ್ಬರನ್ನು ತೆಗೆಯಿತು, ಆಪಲ್ ಆ ಕಂಪನಿಗೆ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ದೂರು ನಿಜವಾಗಿತ್ತು. ಅದನ್ನು ಮೊದಲೇ ಕೇಳಿಸಿಕೊಂಡಿದ್ದರೆ ಕಂಪನಿಗೂ ಲಾಭವಿತ್ತು.

ಸುಳ್ಳು ಆರೋಪದ ಭಯ ಕಂಪನಿಗಳಿಗೆ ಇದೆ, ಅದು ಪೂರ್ತಿ ನಿರಾಧಾರವೂ ಅಲ್ಲ. ಕೋಪದಲ್ಲಿ ಬರೆದ ಒಂದು ಪೋಸ್ಟು ಒಬ್ಬ ಮ್ಯಾನೇಜರನ ಮಾನ ಕಳೆಯಬಹುದು. ಅದಕ್ಕೆ ಮಾನನಷ್ಟದ ಕಾನೂನು ಇದೆ, ಅದೂ ನಮ್ಮ ದೇಶದಲ್ಲಿ ಸಿವಿಲ್ ಮಾತ್ರವಲ್ಲದೆ ಕ್ರಿಮಿನಲ್ ಕೂಡ ಹೌದು. ಸುಳ್ಳನ್ನು ಶಿಕ್ಷಿಸಲು ಅಷ್ಟು ದೊಡ್ಡ ದೊಣ್ಣೆ ಇರುವಾಗ ನಿಜವನ್ನೂ ಸೇರಿಸಿ ಕಟ್ಟಿಹಾಕುವ ಒಪ್ಪಂದ ಏಕೆ ಬೇಕು? ಒಳಗೇ ದೂರು ಕೊಡುವ ವ್ಯವಸ್ಥೆ ಇದೆಯಲ್ಲ ಎನ್ನುವವರೂ ಉಂಟು. 2013ರ ಕಂಪನಿ ಕಾಯ್ದೆಯ 177ನೇ ಕಲಂ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಗಳು ಅದನ್ನು ಇಡಲೇಬೇಕು. ಇಟ್ಟಿವೆ. ಕೆಲವು ಕಡೆ ಚೆನ್ನಾಗಿಯೂ ನಡೆಯುತ್ತದೆ. ಆದರೆ ಹೊರಗೆ ಹೋಗುವ ಬಾಗಿಲು ತೆರೆದಿದ್ದಾಗ ಮಾತ್ರ ಒಳಗಿನ ಸಮಿತಿ ಗಂಭೀರವಾಗಿ ಕೇಳಿಸಿಕೊಳ್ಳುತ್ತದೆ.

ಹೊರದೇಶಗಳೂ ಇದನ್ನು ಕಷ್ಟಪಟ್ಟೇ ಕಲಿತವು. ಹಾಲಿವುಡ್ ನಿರ್ಮಾಪಕ ಹಾರ್ವೆ ವೈನ್‌ಸ್ಟೀನ್‌ನ ಸಹಾಯಕಿಯಾಗಿದ್ದ ಜೆಲ್ಡಾ ಪರ್ಕಿನ್ಸ್ 1998ರಲ್ಲಿ ಲಂಡನ್ನಿನಲ್ಲಿ ಒಂದು ರಾಜಿಪತ್ರಕ್ಕೆ ಸಹಿ ಹಾಕಿದರು. ಸಹೋದ್ಯೋಗಿಯ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಬಾಯಿ ಬಿಡಬಾರದು ಎಂಬ ಷರತ್ತು. ಆ ಒಪ್ಪಂದದ ಒಂದು ಪೂರ್ತಿ ಪ್ರತಿಯನ್ನೂ ಅವರ ಬಳಿ ಇರಲು ಬಿಡಲಿಲ್ಲ. ಹತ್ತೊಂಬತ್ತು ವರ್ಷ ಕಳೆದು, 2017ರಲ್ಲಿ ಅವರು ಅದನ್ನು ಮುರಿದು ಮಾತಾಡಿದರು. ಆ ಹತ್ತೊಂಬತ್ತು ವರ್ಷಗಳಲ್ಲಿ ಅದೇ ಮನುಷ್ಯನ ಕೈಗೆ ಎಷ್ಟು ಹೆಣ್ಣುಮಕ್ಕಳು ಸಿಕ್ಕರೋ! ಅಮೆರಿಕ 2022ರ ಡಿಸೆಂಬರ್‌ನಲ್ಲಿ ಕಾಯ್ದೆ ಮಾಡಿ, ಜಗಳ ಹುಟ್ಟುವ ಮೊದಲೇ ಬರೆಸಿಕೊಂಡ ಎನ್‌ಡಿಎಯನ್ನು ಲೈಂಗಿಕ ಕಿರುಕುಳದ ವಿಷಯದಲ್ಲಿ ಬಳಸುವಂತಿಲ್ಲ ಎಂದಿತು. ಅದಕ್ಕಿಂತ ಮುಂದೆ ಹೋದದ್ದು ಕ್ಯಾಲಿಫೋರ್ನಿಯಾ. 2022ರ ಜನವರಿ 1ರಿಂದ ಅಲ್ಲಿ ಕೆಲಸದ ಜಾಗದ ಯಾವುದೇ ಕಿರುಕುಳ, ತಾರತಮ್ಯದ ಬಗ್ಗೆ ಮಾತಾಡದಂತೆ ತಡೆಯುವ ಷರತ್ತು ನಡೆಯುವುದಿಲ್ಲ. ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ವಕೀಲರನ್ನು ಕಾಣಲು ಕನಿಷ್ಠ ಐದು ಕೆಲಸದ ದಿನ ಕೊಡಬೇಕು. ಮೈಸೂರಿನ ಕೋಣೆಯಲ್ಲಿ ಕೂತವರಿಗೆ ಐದು ದಿನ ಸಿಕ್ಕಿದ್ದರೆ!

ಕರ್ನಾಟಕಕ್ಕೆ ಇದು ಅಸಾಧ್ಯವಾದ ಕೆಲಸವಲ್ಲ. ಕೆಲಸದ ಷರತ್ತುಗಳನ್ನು ಬರೆದು, ಸರ್ಕಾರದಿಂದ ಪ್ರಮಾಣೀಕರಿಸಿಕೊಳ್ಳಬೇಕೆಂದು ಹೇಳುತ್ತಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ನಮ್ಮ ರಾಜ್ಯ ಐಟಿ ಕಂಪನಿಗಳಿಗೆ 2014ರಲ್ಲಿ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಕೊಟ್ಟಿತು. ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು, ಪ್ರಯೋಜನವಾಗಲಿಲ್ಲ. ವಿನಾಯಿತಿ ಪುಕ್ಕಟೆಯಾಗಿರಲಿಲ್ಲ. ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಬೇಕು, ನೌಕರರ ಸಮಾನ ಪ್ರಾತಿನಿಧ್ಯವಿರುವ ಕುಂದುಕೊರತೆ ಸಮಿತಿ ಇರಬೇಕು, ಅಮಾನತು, ವಜಾ, ಹಿಂಬಡ್ತಿಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿದ್ದವು. ಷರತ್ತು ಹಾಕಲು ಸರ್ಕಾರಕ್ಕೆ ಬರುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿ ಹಳೆಯ ಕಾಯ್ದೆಗಳ ಜಾಗದಲ್ಲಿ ಕೂತಿವೆ. ಐಟಿ ವಲಯಕ್ಕೆ ಮುಂದೆ ಯಾವ ರಿಯಾಯಿತಿ ಕೊಡುವುದಾದರೂ ಅದರ ಜೊತೆ ಇನ್ನೊಂದು ಷರತ್ತು ಸೇರಲಿ: ಸಂಬಳ, ಕೆಲಸದ ಹೊತ್ತು, ಸುರಕ್ಷತೆ, ಕಿರುಕುಳ, ಕೆಲಸದಿಂದ ತೆಗೆದ ರೀತಿ, ಇವುಗಳ ಬಗ್ಗೆ ನೌಕರರು, ಟ್ರೈನಿಗಳು, ಗುತ್ತಿಗೆಯವರು ನಿಜವನ್ನು ಹೇಳುವುದನ್ನು ತಡೆಯುವ ಯಾವ ಒಪ್ಪಂದವೂ ನಡೆಯದು, ಬಿಡುಗಡೆಯ ಪತ್ರವನ್ನು ನೌಕರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಟ್ಟು, ಒಂದು ಪ್ರತಿ ಕೈಗಿತ್ತು, ಐದು ಕೆಲಸದ ದಿನ ಬಿಡಬೇಕು, ಸಹಿ ಹಾಕಲಿಲ್ಲವೆಂದು ರಿಲೀವಿಂಗ್ ಲೆಟರ್ ತಡೆಯಬಾರದು. ಟ್ರೈನಿಗಳನ್ನು ಹೆಸರಿಸಿಯೇ ಸೇರಿಸಬೇಕು. ಹೆಬ್ಬಾಳದಲ್ಲಿ ಕಾನೂನಿನ ರಕ್ಷಣೆ ಅವರ ಮಟ್ಟಿಗೆ ತಪ್ಪಿಹೋದದ್ದು ಆ ಒಂದು ಪದದಿಂದಲೇ.

ಕಂಪನಿಯ ಕೋಡು, ಗ್ರಾಹಕರ ದತ್ತಾಂಶ, ಉತ್ಪನ್ನದ ಸೂತ್ರ, ಇವೆಲ್ಲ ಈ ಷರತ್ತಿನಾಚೆ ಭದ್ರವಾಗಿಯೇ ಇರುತ್ತವೆ. ಇನ್ಫೊಸಿಸ್ ಆಗಲಿ, ಮೈಸೂರಿನ ಇನ್ನಾವುದೇ ಕಂಪನಿಯಾಗಲಿ ಸರ್ಕಾರದ ಆದೇಶಕ್ಕೆ ಕಾಯದೆ ಇಂಥ ಒಂದು ಸಾಲನ್ನು ತಮ್ಮ ಎನ್‌ಡಿಎಯಲ್ಲಿ ತಾವೇ ಸೇರಿಸಿದರೆ ಅದಕ್ಕಿಂತ ದೊಡ್ಡ ಮರ್ಯಾದೆ ಈ ಊರಿಗೆ ಇನ್ನೊಂದಿಲ್ಲ.

ಅಲ್ಲಿಯವರೆಗೆ, ಈ ವರ್ಷ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಆಯ್ಕೆಯಾಗಿ ಕಾಯುತ್ತಿರುವ ಮಕ್ಕಳಿಗೆ, ಅವರ ತಂದೆತಾಯಿಗಳಿಗೆ ಒಂದು ಮಾತು. ಸಹಿ ಹಾಕುವ ಮೊದಲು ಪ್ರತಿ ಕೇಳಿ, ಓದಲು ಒಂದು ರಾತ್ರಿ ಕೇಳಿ. ಕಂಪನಿಯ ಕಾಗದ, ಗ್ರಾಹಕರ ಫೈಲು ಮನೆಗೆ ತರಬೇಡಿ, ಅದು ನಿಮ್ಮದಲ್ಲ. ನಿಮಗೆ ಆದದ್ದನ್ನು ತಾರೀಕು, ಹೊತ್ತು ಸಮೇತ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ, ಅದು ನಿಮ್ಮದು. ಕೆಲಸ ಬಿಡುವ ದಿನ ಸಹಿ ಹಾಕಲೇಬೇಕಾಗಿ ಬಂದು ಹಾಕಿದ್ದರೂ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ಕಾರ್ಮಿಕ ಇಲಾಖೆಗೆ, ಪೊಲೀಸರಿಗೆ, ನ್ಯಾಯಾಲಯಕ್ಕೆ ದೂರು ಕೊಡುವ ಹಕ್ಕನ್ನು ಯಾವ ಎನ್‌ಡಿಎಯೂ ಕಸಿದುಕೊಳ್ಳಲಾರದು.